ಮದುವೆ ಕಾರಿನ ಟೊಕ್ ಟೊಕ್

ನಮ್ಮ ಗ್ಯಾರೇಜಿನಲ್ಲಿ ಇಂಜಿನ್ನಿನ ಸದ್ದು ಕೇಳಬೇಕಾದರೆ ಮೊದಲು ವಿಮಾನ ಹೋಗಬೇಕು. ಪರದೇಶದ ಈ ಮಿಸಿಸಾಗ ಊರಿನಲ್ಲಿ ಏರ್‌ಪೋರ್ಟಿನ ಬಗಲಿಗೇ ಇದೆ ನಮ್ಮ ಜಾಗ. ತಲೆಯ ಮೇಲೆ ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತದೆ. ಆ ಸೋಮವಾರವೂ ಹಾಗೇ ಆಯಿತು. ಒಂದು ಹಳೇ ಇಂಗ್ಲಿಷ್ ಕಾರು ಬಂದು ನಿಂತಿತು. ಗುಂಡು ಬೆನ್ನು, ದುಂಡು ದೀಪ, ಕೆನೆ ಬಣ್ಣ. ಓಡಿಸಿಕೊಂಡು ಬಂದ ಮುದುಕರು ಇಳಿಯಲಿಲ್ಲ, ಇಂಜಿನ್ ಆರಿಸಲೂ ಇಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ "ಶ್" ಎಂದರು. ವಿಮಾನ ಹೋಯಿತು. ಆಗ ಕೇಳಿಸಿತು.

ಟೊಕ್. ಟೊಕ್ ಟೊಕ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟೊಕ್.

"ಯಾರೋ ಒಳಗಿಂದ ಬಾಗಿಲು ಬಡೀತಾ ಇದ್ದಾರೆ ಕಣಮ್ಮ," ಎಂದರು ಮುದುಕರು.

ಅವರು ಮೈಸೂರಿನವರು. ಒಶಾವಾದಲ್ಲಿ ಕಾರು ಕಾರ್ಖಾನೆಯ ಸಾಲಿನಲ್ಲಿ ನಿಂತು ಕಾರುಗಳಿಗೆ ಬಾಗಿಲು ಕೂರಿಸುತ್ತಲೇ ವಯಸ್ಸು ಕಳೆದವರು. ಈ ಕಾರನ್ನು ತುಕ್ಕಿನ ಗುಡ್ಡೆಯಾಗಿದ್ದಾಗ ಕೊಂಡು, ಮನೆಯ ಗ್ಯಾರೇಜಿನಲ್ಲಿ ಕೂತು ವರ್ಷಗಟ್ಟಲೆ ರಿಪೇರಿ ಮಾಡಿ ಎಬ್ಬಿಸಿದ್ದರು. ಶನಿವಾರ ಮೊಮ್ಮಗಳ ಮದುವೆ, ಪೋರ್ಟ್ ಕ್ರೆಡಿಟ್‌ನಲ್ಲಿ, ಕೆರೆಯ ದಂಡೆಯ ಹಾಲ್‌ನಲ್ಲಿ. ಇಲ್ಲಿಯವರು ಕೆರೆ ಅನ್ನುತ್ತಾರೆ, ನೋಡಿದರೆ ಸಮುದ್ರ. ಹುಡುಗಿಯನ್ನು ಈ ಕಾರಿನಲ್ಲಿ ತಾತನೇ ಕರೆದುಕೊಂಡು ಹೋಗುವುದು ಎಂದು ಅವಳು ಸಣ್ಣವಳಿದ್ದಾಗಲೇ ಮಾತಾಗಿತ್ತಂತೆ. ಮುದುಕರ ಕಣ್ಣು ಮಬ್ಬಾಗುತ್ತಾ ಬಂದಿತ್ತು. ಹಗಲಿನಲ್ಲಿ ಸದ್ಯಕ್ಕೆ ಪರವಾಗಿಲ್ಲ, ಚಳಿಗಾಲ ಬಂದರೆ ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಚಳಿಗಾಲದವರೆಗೆ ಯಾಕೆ, ಮದುವೆಯಾದ ಮೇಲೆ ಲೈಸೆನ್ಸ್ ವಾಪಸ್ ಕೊಟ್ಟುಬಿಡುತ್ತೇನೆ ಎಂದು ಇವರೇ ತೀರ್ಮಾನ ಮಾಡಿಕೊಂಡಿದ್ದರು.

"ಇದು ನನ್ನ ಕೊನೇ ಡ್ರೈವು," ಎಂದರು. "ಟೋ ಟ್ರಕ್ಕಿನ ಬೆನ್ನ ಮೇಲೆ ಮುಗೀಬಾರದು. ಅಷ್ಟು ಮಾಡ್ಕೊಡಿ."

ಗ್ಯಾರೇಜಿನ ಮಾಲೀಕರು ಸರದಾರರು. ನನ್ನನ್ನು ಬೀಜಿ ಎಂದು ಕರೆಯುತ್ತಾರೆ, ಪಂಜಾಬಿನಲ್ಲಿ ತಾಯಿಯನ್ನು ಹಾಗೆ ಕರೆಯುತ್ತಾರಂತೆ. ನಾವಿಬ್ಬರೂ ಆಡುವುದು ಹಿಂದಿ. ನನ್ನದು ಹುಬ್ಬಳ್ಳಿ ಬಜಾರಿನ ಹಿಂದಿ. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಹೊಸ ಗಾಡಿಗಳ ಕೆಲಸವೆಲ್ಲ ಅವರದು. ಕಂಪ್ಯೂಟರಿನ ವೈರು ಚುಚ್ಚಿದರೆ ಗಾಡಿಯೇ ತನ್ನ ಕಾಯಿಲೆ ಹೇಳುತ್ತದೆ. ಚುಚ್ಚಲು ತೂತೇ ಇಲ್ಲದ ಗಾಡಿ ಬಂದರೆ ನನ್ನನ್ನು ಕೂಗುತ್ತಾರೆ. ನಾನು ಓದಿದವಳಲ್ಲ, ಬರೆಯುವುದೂ ಅಷ್ಟಕ್ಕಷ್ಟೇ. ಹುಬ್ಬಳ್ಳಿಯಲ್ಲಿ ಗಂಡನ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುತ್ತಾ ಕೊಡುತ್ತಾ ಪಾನಾ ತಿರುಗಿಸಲು ಬಂತು.

ಉದ್ದನೆಯ ಸ್ಕ್ರೂ ಡ್ರೈವರ್ ತೆಗೆದುಕೊಂಡೆ. ಅದರ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ ಒಳಗಿನದು ಕೇಳುತ್ತದೆ. ಮೇಲೆ ಇಟ್ಟೆ, ಪಕ್ಕದಲ್ಲಿ ಇಟ್ಟೆ, ಕೆಳಗೆ ಇಟ್ಟೆ. ಕೆಳಗೆ ಜೋರಾಗಿತ್ತು. ಮೆತ್ತನೆಯ, ದಪ್ಪ ಬಡಿತ.

"ಯಜಮಾನ್ರ, ಬಿಗ್ ಎಂಡ್ ಬೇರಿಂಗ್ ಹೋಗೇತ್ರಿ," ಎಂದುಬಿಟ್ಟೆ.

ಪಿಸ್ಟನ್ನಿನ ರಾಡು ಕೆಳಗೆ ಹಿಡಿದುಕೊಳ್ಳುವ ಜಾಗದ ಬೇರಿಂಗ್ ಅದು. ಅದು ಹೋದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಶನಿವಾರದ ಮಾತು ಮರೆಯಬೇಕು. ಮುದುಕರು ಟೊಪ್ಪಿ ತೆಗೆದು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡರು.

ಸರದಾರರು ಮಾತ್ರ, "ಬೀಜಿ, ತೀರ್ಪು ಆಮೇಲೆ ಕೊಡಿ. ಸಾಕ್ಷಿ ಕರೀರಿ ಮೊದಲು," ಎಂದರು.

ಸಾಕ್ಷಿ ಕರೆದೆವು. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ಗಿನ ವೈರನ್ನೂ ಕಿತ್ತು ನೋಡುವುದು. ಯಾವ ಸಿಲಿಂಡರಿನ ಬೇರಿಂಗ್ ಹೋಗಿದೆಯೋ ಅದರ ಬೆಂಕಿ ನಿಲ್ಲಿಸಿದರೆ ಬಡಿತ ಮೆತ್ತಗಾಗಬೇಕು. ನಾಲ್ಕರದ್ದೂ ಕಿತ್ತೆವು. ಇಂಜಿನ್ ಕುಂಟಿತು, ಬಡಿತ ಕುಂಟಲಿಲ್ಲ. ಎಣ್ಣೆಯ ಪ್ರೆಷರ್ ನೋಡಿದೆವು, ಹೊಸ ಗಾಡಿಯ ಹಾಗಿತ್ತು. ನಾನು ಬಿಡಲಿಲ್ಲ. ಎಣ್ಣೆ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ. ಬೇರಿಂಗ್ ಸವೆದಿದ್ದರೆ ಬಟ್ಟೆಯ ಮೇಲೆ ಮಿಣಮಿಣ ಲೋಹದ ಪುಡಿ ನಿಲ್ಲಬೇಕು. ಏನೂ ಇರಲಿಲ್ಲ. ನನ್ನ ಬಿಗ್ ಎಂಡ್ ಮಾತು ಅಲ್ಲಿಗೆ ಮುಗಿಯಿತು.

"ಹೋಗಿಲ್ರಿ," ಎಂದೆ ಮುದುಕರಿಗೆ.

"ಬದುಕಿದೆ," ಎಂದರು ಅವರು. "ಮತ್ತೆ ಬಡೀತಾ ಇರೋರು ಯಾರು?"

ನಾನು ಮತ್ತೆ ಸ್ಕ್ರೂ ಡ್ರೈವರ್ ಎತ್ತಿಕೊಂಡೆ.

ಮಂಗಳವಾರ ಫ್ಯಾನ್ ಬೆಲ್ಟ್ ಬಿಚ್ಚಿ ಇಂಜಿನ್ ಓಡಿಸಿದೆವು. ನೀರಿನ ಪಂಪು, ಡೈನಮೊ ಎರಡೂ ಸುಮ್ಮನಿದ್ದರೂ ಬಡಿತ ಸುಮ್ಮನಾಗಲಿಲ್ಲ. ಅಂದರೆ ಅವುಗಳ ತಪ್ಪಲ್ಲ. ಆಮೇಲೆ ಮೇಲಿನ ಮುಚ್ಚಳ ತೆಗೆದು ವಾಲ್ವುಗಳನ್ನು ಒತ್ತುವ ಟ್ಯಾಪೆಟ್‌ಗಳ ಸಂದುಗಳನ್ನು ನೋಡಿದೆ. ಎರಡು ಸಡಿಲವಾಗಿದ್ದವು. ಸಂದಿನಲ್ಲಿ ತೆಳ್ಳನೆಯ ಗೇಜ್ ಪಟ್ಟಿ ತೂರಿಸಿ, ಅದು ಬಿಗಿಯಾಗಿಯೂ ಅಲ್ಲ ಸಡಿಲವಾಗಿಯೂ ಅಲ್ಲ ಎನ್ನುವ ಹಾಗೆ ಸ್ಕ್ರೂ ತಿರುಗಿಸಬೇಕು. ಇದಕ್ಕೆ ನನ್ನ ಕಣ್ಣು ಬೇಕಿಲ್ಲ, ಬೆರಳು ಸಾಕು. ಮುಚ್ಚಿ ಸ್ಟಾರ್ಟ್ ಮಾಡಿದರೆ ಮೇಲಿನ ಚಿಟಿಚಿಟಿ ಪೂರಾ ಹೋಗಿತ್ತು. ಉಳಿದದ್ದು ಆ ಟೊಕ್ ಒಂದೇ. ಸುತ್ತಲಿನ ಗಲಾಟೆ ನಿಂತಿದ್ದಕ್ಕೆ ಅದು ಇನ್ನಷ್ಟು ಚೆನ್ನಾಗಿ ಕೇಳತೊಡಗಿತು. ಮುದುಕರ ಮುಖ ನೋಡಲು ಆಗಲಿಲ್ಲ.

ಒಂದು ಸಂಗತಿ ಮಾತ್ರ ತಿಳಿಯಿತು. ಆಕ್ಸಿಲರೇಟರ್ ಒತ್ತಿದರೆ ಸದ್ದು ಮಾಯ. ಬಿಟ್ಟರೆ ಮತ್ತೆ ಹಾಜರ್. ಕ್ಲಚ್ ತುಳಿದರೆ ಅದರ ತಾಳ ಬದಲಾಗುತ್ತಿತ್ತು. ಒಂದು ಸಲ ಸ್ಟಾರ್ಟ್ ಮಾಡಲು ಹೋದರೆ ಸ್ಟಾರ್ಟರ್ ಕಚ್ಚಿಕೊಂಡು ನಿಂತೇ ಹೋಯಿತು. ಈ ಕಾರಿಗೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಮುದುಕರು ಹ್ಯಾಂಡಲ್ ಹಾಕಿ ಅರ್ಧ ಸುತ್ತು ತಿರುಗಿಸಿದರು, ಬಿಟ್ಟಿತು.

"ಸ್ಟಾರ್ಟರ್ ಹಲ್ಲು ಹಳೇದು, ಕಚ್ಚಿರಬೇಕು," ಎಂದರು ಸರದಾರರು. ನಾನೂ ಹೌದೆಂದೆ.

ಬುಧವಾರ ಮುದುಕರ ಹೆಂಡತಿ ಊಟ ಕಟ್ಟಿಕೊಂಡು ಬಂದರು. ಮದುವೆ ಮನೆಯ ಕೆಲಸ ಬಿಟ್ಟು, ಎರಡು ಬಸ್ಸು ಬದಲಾಯಿಸಿ, ದೊಡ್ಡ ಡಬ್ಬಿಯ ತುಂಬ ಚಿತ್ರಾನ್ನ. ಗಂಡನನ್ನು ನೋಡಿದವರೇ ಶುರು ಮಾಡಿದರು.

"ಮನೇಲಿ ಹಾಲ್‌ನೋರು ಫೋನು, ಹೂವಿನೋರು ಫೋನು. ಹುಡುಗಿ ತಾತ ಎಲ್ಲಿ ಅಂದ್ರೆ ಗ್ಯಾರೇಜಲ್ಲಿ! ಮದುವೆ ನಿಮ್ಮ ಮೊಮ್ಮಗಳದ್ದೋ ಈ ಡಬ್ಬಾದ್ದೋ?"

"ಡಬ್ಬಾ ಅನ್ಬೇಡ ಕಣೇ, ಕೇಳಿಸ್ಕೊಳುತ್ತೆ."

"ಕೇಳಿಸ್ಕೊಳ್ಳಲಿ. ನಾನು ಬೈದಾಗ ನೀವು ಸರಿಹೋಗ್ಲಿಲ್ವಾ, ಹಾಗೆ ಅದೂ ಸರಿಹೋಗುತ್ತೆ."

ಬೈದರೂ ಅವರ ಕಣ್ಣು ಕಾರಿನ ಬಾನೆಟ್ಟಿನ ಕಡೆಗೇ ಹೋಗುತ್ತಿತ್ತು. ನಾನು ಅದನ್ನು ನೋಡಿದೆ, ಅರ್ಥವಾಗಲಿಲ್ಲ. ಎಲ್ಲರೂ ನಿಂತುಕೊಂಡೇ ಉಂಡೆವು. ಸರದಾರರು ಎರಡು ಸಲ ಹಾಕಿಸಿಕೊಂಡರು. ಚಮಚೆ ಇರಲಿಲ್ಲ, ಕೈಯಲ್ಲೇ ಉಂಡದ್ದು.

ಊಟ ಆದ ಮೇಲೆ ಕಾರನ್ನು ಲಿಫ್ಟಿಗೆ ಏರಿಸಿ ಕೆಳಗೆ ಹೋದೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಒಂದು ದೊಡ್ಡ ಡಬ್ಬಿ ಇರುತ್ತದೆ. ಭಾರದ ಫ್ಲೈವೀಲು, ಅದಕ್ಕೆ ಅಂಟಿದ ಕ್ಲಚ್ಚು ಅದರೊಳಗೆ ತಿರುಗುತ್ತವೆ. ಡಬ್ಬಿಯ ತಳದಲ್ಲಿ ಸಣ್ಣ ತೂತು ಇರುತ್ತದೆ, ಜಿನುಗಿದ ಎಣ್ಣೆ ಹೊರಗೆ ಬೀಳಲಿ ಎಂದು. ತೂತು ಕಟ್ಟಿಕೊಳ್ಳದಿರಲಿ ಎಂದು ಅದರಲ್ಲಿ ಒಂದು ಪಿನ್ನು ಜೋತಾಡುತ್ತಿರುತ್ತದೆ. ಆ ಪಿನ್ನನ್ನು ಬೆರಳಿನಿಂದ ಅಲ್ಲಾಡಿಸಿದೆ. ಬೆರಳಿಗೆ ಎಣ್ಣೆ ಹತ್ತಿತು. ಎಣ್ಣೆ ಹಳದಿ.

ಬೆರಳು ಹಳದಿ ಯಾಕಾಯಿತು ಎಂದು ಯೋಚಿಸುವಷ್ಟೂ ಇರಲಿಲ್ಲ. ಈಗ ತಾನೇ ಚಿತ್ರಾನ್ನ ಉಂಡಿದ್ದೆ. ಇದ್ದ ಒಂದು ನಲ್ಲಿಯಲ್ಲಿ ಸರಿಯಾಗಿ ಕೈ ತೊಳೆದಿರಲಿಲ್ಲ. ನನಗೆ ನಾನೇ ಬೈದುಕೊಂಡು, ಪಿನ್ನಿಗೆ ಹತ್ತಿದ್ದನ್ನೂ ಬೆರಳಿಗೆ ಹತ್ತಿದ್ದನ್ನೂ ಬಟ್ಟೆಯಿಂದ ಒರೆಸಿ ಹೊರಗೆ ಬಂದೆ.

ಸದ್ದು ಆ ಡಬ್ಬಿಯೊಳಗಿನದೇ ಎಂದು ಆ ಹೊತ್ತಿಗೆ ನನಗೂ ಸರದಾರರಿಗೂ ಖಾತ್ರಿಯಾಗಿತ್ತು. ಕ್ಲಚ್ ಬೇರಿಂಗ್ ಒಡೆದಿರಬಹುದು, ಫ್ಲೈವೀಲಿನ ಬೋಲ್ಟು ಸಡಿಲವಾಗಿರಬಹುದು. ಬೋಲ್ಟು ಸಡಿಲವಿದ್ದರೆ ರಸ್ತೆಯಲ್ಲಿ ಆ ಭಾರದ ಚಕ್ರ ಡಬ್ಬಿಯನ್ನೇ ಒಡೆದುಕೊಂಡು ಬರುತ್ತದೆ, ಕಾರಿನಲ್ಲಿ ಮದುಮಗಳು ಕೂತಿರುತ್ತಾಳೆ. ನೋಡಬೇಕಾದರೆ ಇಂಜಿನ್ ಇಳಿಸಬೇಕು. ಗುರುವಾರ ಬೆಳಿಗ್ಗೆ ಸರದಾರರು ಮುದುಕರನ್ನು ಕೂರಿಸಿಕೊಂಡು ನೆಟ್ಟಗೆ ಹೇಳಿದರು.

"ಇಳಿಸಿದರೆ ಶನಿವಾರಕ್ಕೆ ಕೂರಿಸುತ್ತೇನೆಂದು ಮಾತು ಕೊಡಲಾರೆ. ಇಳಿಸದೆ ಓಡಿಸಿಕೊಂಡು ಹೋಗಿ ಎಂದೂ ಹೇಳಲಾರೆ. ನನ್ನ ಗಾಡಿ ಕೊಡುತ್ತೇನೆ, ತೊಳೆದು ಹೂ ಹಾಕಿ ಕೊಡುತ್ತೇನೆ. ಅದರಲ್ಲಿ ಕರೆದುಕೊಂಡು ಹೋಗಿ."

ಅಷ್ಟರಲ್ಲಿ ಮೊಮ್ಮಗಳ ಫೋನು ಬಂತು. ಸ್ಪೀಕರಿನಲ್ಲಿ ನಮಗೂ ಕೇಳಿಸಿತು. "ತಾತಾ, ಇಟ್ಸ್ ಓಕೆ. ನಾವು ಲಿಮೋ ಕಾರ್ ಬುಕ್ ಮಾಡ್ತೀವಿ. ಡೋಂಟ್ ಸ್ಟ್ರೆಸ್, ಪ್ಲೀಸ್."

"ಆಯ್ತು ಪುಟ್ಟಾ," ಎಂದರು ತಾತ. ಫೋನು ಇಟ್ಟು ಸರದಾರರಿಗೆ, "ಇಳಿಸಿ," ಎಂದರು. ಎದ್ದು ಹೋಗಿ ಕಾರಿನ ಬಾಗಿಲು ತೆರೆದು, ಮತ್ತೆ ಮುಚ್ಚಿದರು. ಅದು ಕ್ಲಿಕ್ ಎಂದು ಚೆನ್ನಾಗಿ ಕೂತಿತು. ಅವರು ಕೂರಿಸಿದ ಬಾಗಿಲು.

ಇಂಜಿನ್ ಎತ್ತುವ ಚೈನು ಬಂತು. ಸರದಾರರು ಬಾನೆಟ್ಟು ಬಿಚ್ಚಿ ಪಕ್ಕಕ್ಕೆ ಒರಗಿಸಿದರು. ನಾನು ಕೆಳಗಿನ ಬೋಲ್ಟುಗಳಿಗೆ ಎಣ್ಣೆ ಬಿಡಲು ಮತ್ತೆ ಲಿಫ್ಟಿನ ಕೆಳಗೆ ಹೋದೆ. ಕಣ್ಣೆತ್ತಿದರೆ ಆ ಪಿನ್ನು. ಅದರ ತುದಿಯಲ್ಲಿ ಒಂದು ಹನಿ. ಹನಿ ಹಳದಿ.

ಈ ಸಲ ನಾನು ಚಿತ್ರಾನ್ನ ಉಂಡಿರಲಿಲ್ಲ. ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಆ ಹನಿಯನ್ನು ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸಿದೆ. ಮೊದಲು ಎಣ್ಣೆ, ಅದರ ಹಿಂದೆ ಸುಟ್ಟ ಧೂಳು, ಅದರ ಹಿಂದೆ ಅಡುಗೆ ಮನೆ. ಬಿಳಿ ಬಟ್ಟೆಗೆ ಒರೆಸಿ, ಬಟ್ಟೆಗೆ ಕೈ ತೊಳೆಯುವ ಸೋಪು ತಿಕ್ಕಿದೆ. ಹಳದಿ ಕೆಂಪಾಯಿತು. ಅಡುಗೆ ಮಾಡಿದ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸೋಪಿಗೆ ಕೆಂಪಾಗುವುದು ಅರಿಶಿನ.

"ಚೈನ್ ನಿಲ್ಲಿಸ್ರಿ," ಎಂದು ಕೂಗಿದೆ.

ಸರದಾರರು ನಿಲ್ಲಿಸಿದರು. ಯಾಕೆ ಏನು ಎಂದು ಕೇಳಲಿಲ್ಲ. ಇದನ್ನು ನಾನು ಬರೆದಿಡಲೇಬೇಕು. ಸೋಮವಾರ ಇಂಜಿನ್ನೇ ಹೋಯಿತು ಎಂದವಳು ನಾನು. ನನ್ನ ಒಂದು ಕೂಗಿಗೆ ಅವರು ಎತ್ತಿದ ಕೈ ಇಳಿಸಿದರು.

ಮುದುಕರ ಹೆಂಡತಿ ಆ ದಿನವೂ ಊಟ ತಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ನಾನು ಬಟ್ಟೆ ಹಿಡಿದುಕೊಂಡು ಅವರ ಮುಂದೆ ನಿಂತೆ. ನನಗೆ ಸುತ್ತಿಬಳಸಿ ಕೇಳಲು ಬರುವುದಿಲ್ಲ.

"ಅಕ್ಕಾರ, ಇದು ಅರಿಶಿಣ. ಕಾರಿನ ಹೊಟ್ಟ್ಯಾಗ ಹೆಂಗ ಹೋತು?"

ಅವರು ಬಟ್ಟೆ ನೋಡಿದರು, ಗಂಡನನ್ನು ನೋಡಿದರು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಚೈನು ಮತ್ತೆ ಏರುತ್ತಿತ್ತು.

"ನಾನೇ ಕಟ್ಟಿದ್ದು," ಎಂದರು.

"ಏನು ಕಟ್ಟಿದೆ? ಎಲ್ಲಿಗೆ ಕಟ್ಟಿದೆ?" ಮುದುಕರು ಹತ್ತಿರ ಬಂದರು.

"ಅರಿಶಿನದ ಕೊಂಬು. ಮದುವೆ ಮನೇಲಿ ಒರಳಿಗೆ ಕಟ್ಟಬೇಕು, ಒನಕೆಗೆ ಕಟ್ಟಬೇಕು. ಇಲ್ಲಿ ಒರಳೆಲ್ಲಿಂದ ತರಲಿ? ಮಿಕ್ಸಿಗೆ ಕಟ್ಟಿದೆ, ಗ್ರೈಂಡರಿಗೆ ಕಟ್ಟಿದೆ. ಮಗು ಕೂತ್ಕೊಂಡು ಹೋಗೋದು ಇದರಲ್ಲಿ. ಇದೂ ತಿರುಗೋ ಸಾಮಾನೇ ತಾನೆ? ನೀವು ಬಾನೆಟ್ ತೆಗೆದಿಟ್ಟು ಸ್ನಾನಕ್ಕೆ ಹೋದಾಗ, ಹಿಂದ್ಗಡೆ ಒಂದು ಪೈಪಿಗೆ ಕಟ್ಟಿದೆ."

"ನನ್ನ ಕೇಳ್ಬಾರದಿತ್ತಾ?"

"ಕೇಳಿದ್ರೆ ಇದು ಮೆಷೀನು, ಇದಕ್ಕೇನೂ ಕಟ್ಬೇಡ ಅಂತಿದ್ರಿ. ಮಾರನೇ ದಿನ ನೋಡಿದ್ರೆ ದಾರವೂ ಇಲ್ಲ, ಕೊಂಬೂ ಇಲ್ಲ. ಅಪಶಕುನ ಆಯ್ತೇನೋ ಅಂತ ಬಾಯಿ ಬಿಡ್ಲಿಲ್ಲ. ಮೂರು ದಿನದಿಂದ ಹೊಟ್ಟೆಯೊಳಗೇ ಇಟ್ಕೊಂಡಿದೀನಿ."

"ನೀನೊಬ್ಬಳೇ ಅಲ್ಲ, ಕಾರೂ ಹೊಟ್ಟೆಯೊಳಗೇ ಇಟ್ಕೊಂಡಿದೆ," ಎಂದರು ಮುದುಕರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಗುತ್ತಿದ್ದರು. ಕಣ್ಣಿನಲ್ಲಿ ನೀರೂ ಇತ್ತು. ಆ ಕಣ್ಣಿಗೆ ಹಾಗೆ ನೀರು ಬರುವುದುಂಟು.

ಸರದಾರರಿಗೆ ಹಿಂದಿಯಲ್ಲಿ ತಿಳಿಸಿದೆ. "ಹಲ್ದಿ?" ಎಂದರು. ಮತ್ತೊಮ್ಮೆ "ಹಲ್ದಿ?" ಎಂದರು. ಹೋಗಿ ಚೈನನ್ನು ಗೋಡೆಯ ಮೊಳೆಗೆ ತೂಗುಹಾಕಿದರು.

ಪೈಪು ಯಾವುದು ಎಂದು ಹೆಂಡತಿ ತೋರಿಸಿದರು. ಬಿಸಿ ಹೊಗೆಯ ಪೈಪು. ದಾರ ಸುಟ್ಟುಹೋಗಿತ್ತು. ಅದರ ನೇರ ಕೆಳಗೆ, ಡಬ್ಬಿಯ ನೆತ್ತಿಯಲ್ಲಿ, ಫ್ಲೈವೀಲಿನ ಗುರುತು ನೋಡಲು ಒಂದು ಕಿಂಡಿ. ಅದರ ಮುಚ್ಚಳ ಕಳೆದು ಎಷ್ಟು ಕಾಲವಾಗಿತ್ತೋ, ಮುದುಕರು ಟೇಪು ಅಂಟಿಸಿದ್ದರು. ಟೇಪು ಬಿಸಿಗೆ ಮುದುಡಿ ಒಂದು ಕಡೆ ಬಾಯಿ ಬಿಟ್ಟಿತ್ತು. ಸೋಮವಾರದಿಂದ ನಾನೂ ಸರದಾರರೂ ಆ ಟೇಪನ್ನು ನೋಡಿ ನೋಡಿ ದಾಟಿ ಹೋಗಿದ್ದೆವು. ಒಣಗಿದ ಕೊಂಬು ಮರದ ಹಾಗೆ ಗಟ್ಟಿ. ಇಂಜಿನ್ ನಿಧಾನ ತಿರುಗುವಾಗ ಅದು ತಳಕ್ಕೆ ಬಿದ್ದು ಫ್ಲೈವೀಲಿಗೆ ಬಡಿಸಿಕೊಳ್ಳುತ್ತಿತ್ತು. ಜೋರಾದಾಗ ಅಂಚಿಗೆ ಹಾರಿ ಸುಮ್ಮನಾಗುತ್ತಿತ್ತು. ಸ್ಟಾರ್ಟರ್ ಕಚ್ಚಿಕೊಂಡದ್ದೂ ಅದನ್ನೇ.

ಈಗ ತೆಗೆಯಬೇಕು. ಅರಿಶಿನಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಮುದುಕರು ಮುಂದೆ ನಿಂತು ಹ್ಯಾಂಡಲ್ಲನ್ನು ಕೂದಲೆಳೆಯಷ್ಟೇ ತಿರುಗಿಸುವುದು, ಅವರ ಹೆಂಡತಿ ಕಿಂಡಿಗೆ ಬ್ಯಾಟರಿ ಬೆಳಕು ಬಿಡುವುದು, ನಾನು ಉದ್ದನೆಯ ಇಕ್ಕಳ ಹಿಡಿದು ಕಾಯುವುದು. ನಾಲ್ಕು ಜನರಲ್ಲಿ ಒಳ್ಳೆಯ ಕಣ್ಣು ಆ ಹೆಂಗಸಿನದೇ.

"ಇನ್ನೊಂಚೂರು... ನಿಲ್ಸಿ! ಹಿಂದೆ... ಅಯ್ಯೋ, ಹೋಯ್ತು. ನಿಮಗೆ ಯಾವತ್ತು ನಿಲ್ಸು ಅಂದಾಗ ನಿಲ್ಸಿ ಅಭ್ಯಾಸ?"

"ಹೇಳೋವಾಗ ಒಂದೇ ಸಲ ಹೇಳೆ, ಪುರಾಣ ಬೇಡ."

ಬಹಳ ಹೊತ್ತಿನ ಮೇಲೆ ಇಕ್ಕಳದ ಬಾಯಿಗೆ ಒಂದು ತುಂಡು ಸಿಕ್ಕಿತು. ಮೆಲ್ಲಗೆ ಎಳೆದೆ. ಬಂತು. ಎಣ್ಣೆಯಲ್ಲಿ ಕಪ್ಪಾಗಿದ್ದರೂ ಒಡೆದ ಮುಖ ಕಿತ್ತಳೆಯಂತೆ ಹೊಳೆಯುತ್ತಿತ್ತು. ಮುದುಕರು ಚಪ್ಪಾಳೆ ಹೊಡೆದರು.

ಹೆಂಡತಿ ಮಾತ್ರ ಅದನ್ನು ಅಂಗೈಯಲ್ಲಿಟ್ಟು ನೋಡಿ ತಲೆ ಅಲ್ಲಾಡಿಸಿದರು. "ನಾನು ಆರಿಸಿ ಕಟ್ಟಿದ್ದು ಕವಲಿರೋ ಕೊಂಬು. ಕವಲು ಇಲ್ಲಿಲ್ಲ. ಇನ್ನೊಂದು ತುಂಡಿದೆ."

ಅದು ಕಿಂಡಿಗೆ ಬರಲೇ ಇಲ್ಲ. ಎಷ್ಟು ತಿರುಗಿಸಿದರೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಸರದಾರರು ಸ್ಟಾರ್ಟರನ್ನು ಬಿಚ್ಚಿ ಆ ಕಡೆಯ ತೂತಿನಿಂದ ನೋಡಿದರು. ಕವಲು ಫ್ಲೈವೀಲಿನ ಹಲ್ಲುಗಳ ನಡುವೆ ಹಲ್ಲಿನಲ್ಲಿ ಸಿಕ್ಕಿದ ಅಡಿಕೆಯಂತೆ ಕೂತಿತ್ತು. ಕಡ್ಡಿಯಲ್ಲಿ ಮೀಟಿ ತೆಗೆದರು. ಹೆಂಡತಿ ಎರಡೂ ತುಂಡುಗಳನ್ನು ಸೇರಿಸಿ ಹಿಡಿದರು. ಕೂಡಿಕೊಂಡವು. ಅಂಚಿನಲ್ಲಿ ಸವೆದ ಪುಡಿಯನ್ನು ವ್ಯಾಕ್ಯೂಮಿಗೆ ಸಣ್ಣ ಪೈಪು ಸಿಕ್ಕಿಸಿ ಎಳೆದುಕೊಂಡೆವು. ಫ್ಲೈವೀಲಿನ ಬೋಲ್ಟುಗಳನ್ನು ಆ ತೂತಿನಿಂದಲೇ ಒಂದೊಂದಾಗಿ ತಟ್ಟಿ ನೋಡಿದೆವು. ಎಲ್ಲ ಬಿಗಿ. ಸರದಾರರು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಕಿಂಡಿಗೆ ಮುಚ್ಚಳ ಮಾಡಿ ಸ್ಕ್ರೂ ಹಾಕಿದರು.

ಸ್ಟಾರ್ಟ್ ಮಾಡಿದೆವು. ತಲೆಯ ಮೇಲೆ ವಿಮಾನ. ನಾಲ್ಕು ಜನ ಕಂಬದ ಹಾಗೆ ನಿಂತೆವು. ವಿಮಾನ ಹೋಯಿತು. ಇಂಜಿನ್ನು ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಬಡಿತ ಇಲ್ಲ.

ಶನಿವಾರ ಹಿಂದಿನ ಸೀಟಿನಲ್ಲಿ ಮದುಮಗಳ ಪಕ್ಕ ನಾನೂ ಕೂತಿದ್ದೆ. ನಾನಾಗಿ ಕೇಳಿದ್ದಲ್ಲ. ಮುದುಕರು ಬಿಡಲಿಲ್ಲ. ರೇಷ್ಮೆ ಸೀರೆ ಉಟ್ಟು, ಕಾಲಿನ ಬಳಿ ಪಾನಾ ಚೀಲ ಇಟ್ಟುಕೊಂಡಿದ್ದೆ. ಮುಂದೆ ಅವರ ಹೆಂಡತಿ. ದಾರಿಯುದ್ದಕ್ಕೂ ಹುಡುಗಿ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಮುದುಕರು ಯಾರನ್ನೂ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಾ ನಿಧಾನವಾಗಿ ಓಡಿಸಿದರು. ಹಾಲ್‌ನ ಬಾಗಿಲಿಗೆ ನಿಲ್ಲಿಸಿ, ಹುಡುಗಿ ಇಳಿದ ಮೇಲೂ ಇಂಜಿನ್ ಆರಿಸದೆ ಸ್ವಲ್ಪ ಹೊತ್ತು ಕೂತರು. ನೀರಿನ ಗಾಳಿ ಒಳಗೆ ಬರುತ್ತಿತ್ತು. ಆಮೇಲೆ ಕೀಲಿ ತಿರುಗಿಸಿ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಅವರು ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು.

ಗುರುವಾರ ಆ ಹೆಂಗಸು ಗಂಡನೆದುರು, ಪರರೆದುರು "ನಾನೇ" ಎಂದದ್ದಕ್ಕೆ ನಾನು ಋಣಿ. ಯಾವ ಸ್ಕ್ರೂ ಡ್ರೈವರಿಗೂ ಅದು ಕೇಳಿಸುತ್ತಿರಲಿಲ್ಲ. ಚೈನು ನಿಲ್ಲಿಸಿದ ಸರದಾರರಿಗೂ ಋಣಿ. ಇದನ್ನು ಅವರಿಬ್ಬರಿಗೂ ಬಾಯಿಬಿಟ್ಟು ಹೇಳಿಲ್ಲ. ನನಗೆ ಹಾಗೆಲ್ಲ ಹೇಳಲು ಬರುವುದಿಲ್ಲ, ಅದಕ್ಕೇ ಬರೆದೆ.

ಮದುವೆಯಾದ ಮೇಲೆ ಆ ಹೆಂಗಸು ಹೊಸ ಅರಿಶಿನದ ಕೊಂಬು ತಂದು ನಮ್ಮ ಲಿಫ್ಟಿನ ಕಂಬಕ್ಕೆ ಕಟ್ಟಿದರು. "ಇದು ತಿರುಗಲ್ಲ ತಾನೆ?" ಎಂದು ಮೊದಲೇ ಕೇಳಿದರು. ಸರದಾರರು ಅದನ್ನು ಬಿಚ್ಚಿಲ್ಲ. ಕಾರು ಈಗ ನಮ್ಮ ಗ್ಯಾರೇಜಿನ ಹಿಂದೆ ನಿಂತಿದೆ. ಮುದುಕರು ಲೈಸೆನ್ಸ್ ಕೊಟ್ಟುಬಿಟ್ಟಿದ್ದಾರೆ. ಬಸ್ಸು ಹತ್ತಿ ಬರುತ್ತಾರೆ, ಹೆಂಡತಿಯಿಂದ ಕೀಲಿ ಇಸಿದುಕೊಂಡು ಬಂದಿರುತ್ತಾರೆ. ಕುರ್ಚಿ ಎಳೆದುಕೊಂಡು ಬಾನೆಟ್ಟಿನ ಮುಂದೆ ಕೂತು, "ಹಾಕಮ್ಮ," ಎನ್ನುತ್ತಾರೆ. ನಾನು ಸ್ಟಾರ್ಟ್ ಮಾಡುತ್ತೇನೆ. ವಿಮಾನ ಹೋಗಲಿ ಎಂದು ಇಬ್ಬರೂ ಕಾಯುತ್ತೇವೆ.

"ಯಾರಾದ್ರೂ ಬಡೀತಿದಾರಾ?" ಎನ್ನುತ್ತಾರೆ.

"ಯಾರೂ ಇಲ್ರಿ, ಯಜಮಾನ್ರ."